ಸ್ಪಷ್ಟನೆ: ಮೇಸನ್–ಡಿಕ್ಸನ್ ಗೆರೆ ಯುದ್ಧಕ್ಕಾಗಿ ಎಳೆದದ್ದಲ್ಲ

“ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರ, ದಕ್ಷಿಣ ರಾಜ್ಯಗಳನ್ನು ಬೇರೆ ಮಾಡಲು ಮೇಸನ್–ಡಿಕ್ಸನ್ ಗೆರೆ ಎಳೆದರು” ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಕಳೆದ ವಾರ ನಾನೂ ಎರಡು ಗ್ರೂಪಿಗೆ ಕಳಿಸಿದ್ದೆ. ಅದು ತಪ್ಪು.

ಯುದ್ಧ ನಡೆದದ್ದು 1861ರಿಂದ 1865ರವರೆಗೆ. ಗೆರೆ ಅದಕ್ಕಿಂತ ಸುಮಾರು ನೂರು ವರ್ಷ ಹಳೆಯದು. ಆಗಿನ್ನೂ ಅಲ್ಲಿದ್ದದ್ದು ಬ್ರಿಟಿಷ್ ವಸಾಹತುಗಳು. ಪೆನ್ಸಿಲ್ವೇನಿಯಾದ ಪೆನ್ ಮನೆತನಕ್ಕೂ ಮೇರಿಲ್ಯಾಂಡಿನ ಕ್ಯಾಲ್ವರ್ಟ್ ಮನೆತನಕ್ಕೂ ಗಡಿ ಜಗಳ. ನಮ್ಮಲ್ಲಿ ಹೊಲದ ಬದುವಿಗೆ ನಡೆಯುತ್ತಲ್ವಾ, ಅಂಥದ್ದೇ, ಆದರೆ ತುಂಬಾ ದೊಡ್ಡದು. ಅದನ್ನು ತೀರಿಸಲು ಇಂಗ್ಲೆಂಡಿನಿಂದ ಬಂದ ಚಾರ್ಲ್ಸ್ ಮೇಸನ್, ಜೆರೆಮಯ್ಯ ಡಿಕ್ಸನ್ 1763ರಿಂದ 1767ರವರೆಗೆ ನಕ್ಷತ್ರ ನೋಡಿ ಅಳತೆ ಮಾಡಿದರು. ಬಹಳ ದೂರದವರೆಗೆ ಮೈಲಿಗೊಂದು ಕಲ್ಲು ನೆಡಿಸಿದರು. ಒಂದು ಬದಿಗೆ ‘ಪಿ’, ಇನ್ನೊಂದು ಬದಿಗೆ ‘ಎಂ’. ಐದು ಮೈಲಿಗೊಮ್ಮೆ ಬರುವ ಕಲ್ಲಿನಲ್ಲಿ ಎರಡೂ ಮನೆತನದ ಲಾಂಛನ. ಎಷ್ಟೋ ಕಲ್ಲುಗಳು ಇವತ್ತಿಗೂ ನಿಂತಿವೆ.

ಉತ್ತರ–ದಕ್ಷಿಣ ಅನ್ನೋ ಅರ್ಥ ಬಂದದ್ದು ಆಮೇಲೆ. ಪೆನ್ಸಿಲ್ವೇನಿಯಾ 1780ರಲ್ಲೇ ಗುಲಾಮಗಿರಿಯನ್ನು ಹಂತಹಂತವಾಗಿ ತೆಗೆಯುವ ಕಾನೂನು ಮಾಡಿತು. ಮೇರಿಲ್ಯಾಂಡಿನಲ್ಲಿ ಗುಲಾಮಗಿರಿ 1864ರವರೆಗೂ ಇತ್ತು. ಯುದ್ಧದ ಗಡಿಯೂ ಇದಲ್ಲ. ಗೆರೆಯ ದಕ್ಷಿಣಕ್ಕಿದ್ದರೂ ಮೇರಿಲ್ಯಾಂಡ್, ಬೇರೆಯಾಗಿ ಹೋದ ದಕ್ಷಿಣದ ರಾಜ್ಯಗಳ ಹಾಗೆ ಅಮೆರಿಕದ ಒಕ್ಕೂಟ ಬಿಟ್ಟು ಹೋಗಲಿಲ್ಲ.

ದಯವಿಟ್ಟು ಆ ಮೆಸೇಜನ್ನು ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗ್ರೂಪಿಗೆ ಇದನ್ನೂ ಹಾಕಿ.