ಒಂದು ಕನ್ನಡಕ, ಹನ್ನೊಂದು ತಿಂಗಳು

ಮೊನ್ನೆ ಶನಿವಾರ ಸಂಜೆ ನನ್ನ ಅಂಗಡಿಗೆ ಒಬ್ಬಳು ಹುಡುಗಿ ಬಂದಿದ್ದಳು. ಎರಡನೇ ಕ್ಲಾಸು. ಎಡಗಣ್ಣಿಗೆ ಪಟ್ಟಿ, ಅದರ ಮೇಲೆ ಕನ್ನಡಕ. ಅಪ್ಪನ ಬೈಕಿನ ಟ್ಯಾಂಕಿನ ಮೇಲೆ ಕೂತು ಬಂದಿದ್ದಳು. ಓದು ಇನ್ನೂ ಸರಾಗ ಬರದ ಮಕ್ಕಳಿಗೆ ನಾವು 'ಇ' ಚಾರ್ಟ್ ಹಾಕುತ್ತೇವೆ. ಇಂಗ್ಲಿಷಿನ ಇ ಅಕ್ಷರ ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ, ಎಡಕ್ಕೆ, ಬಲಕ್ಕೆ ತಿರುಗಿರುತ್ತದೆ. ಮಗು ಮೂರು ಬೆರಳು ಚಾಚಿ ಅದೇ ದಿಕ್ಕು ತೋರಿಸಬೇಕು. ಮೊದಲ ಸಾಲು ತೋರಿಸಿದಳು. ಎರಡನೇದೂ ತೋರಿಸಿದಳು. ಮೂರನೇದಕ್ಕೆ ಬಂದಾಗ ಬೆರಳು ಗಾಳಿಯಲ್ಲೇ ನಿಂತವು. ಗೊತ್ತಾಗದೆ ಅಪ್ಪನ ಮುಖ ನೋಡಿದಳು.

"ಹೋದ ಸಲಕ್ಕಿಂತ ಒಂದು ಸಾಲು ಜಾಸ್ತಿ ಆಗೈತಿ" ಅಂದೆ. ಅಪ್ಪನಿಗೆ ಖುಷಿಯಾಯಿತು. ನನಗೆ ಆಗಲಿಲ್ಲ. ಯಾಕೆ ಅಂತ ಇವತ್ತು ಬರೆಯಲೇಬೇಕು ಅನ್ನಿಸಿತು.

ಗದಗಿನಲ್ಲಿ ನನ್ನದು ಕಣ್ಣು ತಪಾಸಣೆ ಮತ್ತು ಕನ್ನಡಕದ ಅಂಗಡಿ. ಹದಿನಾರು ವರ್ಷವಾಯಿತು. ಮುಂದೆ ಫ್ರೇಮುಗಳು, ಹಿಂದೆ ಪರದೆ ಎಳೆದರೆ ಕತ್ತಲಾಗುವ ಕೋಣೆ, ಮೂಲೆಯಲ್ಲಿ ಗ್ಲಾಸು ತಿಕ್ಕುವ ಮಿಷನ್. ನಾನು ಆಪ್ಟೋಮೆಟ್ರಿಸ್ಟ್. ಆಪರೇಷನ್ ಮಾಡುವವಳಲ್ಲ. ನಂಬರ್ ತೆಗೆಯುತ್ತೇನೆ, ಕನ್ನಡಕ ಮಾಡಿ ಕೊಡುತ್ತೇನೆ, ಪೊರೆಯೋ ಗ್ಲಾಕೋಮಾವೋ ಅಂತ ಅನುಮಾನ ಬಂದರೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇನೆ.

ನಮ್ಮ ಕಡೆ ಕನ್ನಡಕಕ್ಕೆ 'ಚಾಳೀಸು' ಅಂತಾರೆ. ಚಾಳೀಸ್ ಅಂದರೆ ನಲವತ್ತು. ನಲವತ್ತು ದಾಟಿದರೆ ಹತ್ತಿರದ್ದು ಮಸುಕಾಗುತ್ತದೆ, ಹಾಗಾಗಿ ವಯಸ್ಸಿನ ಹೆಸರೇ ವಸ್ತುವಿಗೆ ಬಂತು. ಬೆಟಗೇರಿಯ ನೇಕಾರರು ನನ್ನ ಅಂಗಡಿಗೆ ಬರುವುದೇ ಈ ಚಾಳೀಸಿಗೆ. "ಯವ್ವಾ, ಎಳಿ ಕಾಣವಲ್ದು" ಅಂತಾರೆ, ಅಷ್ಟೇ. ಮಗ್ಗದಲ್ಲಿ ಎಳೆ ಕಡಿದರೆ ಹುಡುಕಿ ಗಂಟು ಹಾಕಬೇಕಲ್ವಾ? ಅದು ಕಾಣದಿದ್ದರೆ ಕೈ ನಿಂತಿತು. ಕೈ ನಿಂತರೆ ಕೂಲಿ ನಿಂತಿತು. ಅಸ್ಸಾಂನ ಚಹಾ ತೋಟದಲ್ಲಿ ನಲವತ್ತು ದಾಟಿದ 751 ಕೆಲಸಗಾರರ ಮೇಲೆ ಒಂದು ಅಧ್ಯಯನ ನಡೆದಿತ್ತು, 2018ರಲ್ಲಿ ಪ್ರಕಟವಾಯಿತು. ಹತ್ತಿರದ ಕನ್ನಡಕ ಸಿಕ್ಕವರು ದಿನಕ್ಕೆ ಬಿಡಿಸುವ ಎಲೆ ಸುಮಾರು ಶೇ 39ರಷ್ಟು ಏರಿತು, ಸಿಗದವರದು ಶೇ 18ರಷ್ಟು ಮಾತ್ರ. ನನಗೆ ಅದರಲ್ಲಿ ಆಶ್ಚರ್ಯ ಏನೂ ಕಾಣಲಿಲ್ಲ. ಬೆಟಗೇರಿಯ ಯಾವ ಮನೆಗೆ ಹೋಗಿ ಕೇಳಿದರೂ ಇದನ್ನೇ ಹೇಳುತ್ತಾರೆ.

ಹೀಗಿದ್ದರೂ ಜನ ಕಣ್ಣನ್ನು ಮುಂದಕ್ಕೆ ಹಾಕುತ್ತಾರೆ. ಹಲ್ಲು ನೋವು ಬಂದರೆ ರಾತ್ರಿ ನಿದ್ದೆ ಬರುವುದಿಲ್ಲ, ಬೆಳಗಾದರೆ ಓಡುತ್ತಾರೆ. ಕಣ್ಣು ಮಂಜಾದರೆ ನೋವಿಲ್ಲ. ನೋವಿಲ್ಲ ಅಂತ ಮನೆಯವರು ಕಾಯುತ್ತಾರೆ, ನೋವಿಲ್ಲ ಅಂತ ಸರ್ಕಾರವೂ ಕಾಯುತ್ತದೆ.

ಈ ಹದಿನಾರು ವರ್ಷದಲ್ಲಿ ನಾನು ಎಷ್ಟು ಸಲ 'ನಿಂತಿದ್ದು' ನೋಡಿದೆ! 2016ರ ನವೆಂಬರ್‌ನಲ್ಲಿ ನೋಟು ನಿಂತವು. 2020ರ ಮಾರ್ಚ್‌ನಲ್ಲಿ ಎಲ್ಲವೂ ನಿಂತಿತು. 2021ರ ಏಪ್ರಿಲ್‌ನಲ್ಲಿ ಎರಡು ವಾರ ಬಸ್ಸು ನಿಂತವು. 2023ರ ಫೆಬ್ರವರಿಯಲ್ಲಿ ಆರೋಗ್ಯ ಇಲಾಖೆಯ ಗುತ್ತಿಗೆ ನೌಕರರು ಕಾಯಂ ಮಾಡಿ ಅಂತ ಮುಷ್ಕರಕ್ಕೆ ಕೂತರು. 2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತರು. 15,000 ಕೇಳಿದ್ದರು, ತಿಂಗಳಿಗೆ ಕನಿಷ್ಠ 10,000 ಕೊಡುತ್ತೇವೆ ಅನ್ನುವ ಭರವಸೆ ಸಿಕ್ಕಿತು.

ಇವರ ಮೇಲೆ ನನಗೆ ಒಂದು ದಿನವೂ ಸಿಟ್ಟು ಬಂದಿಲ್ಲ. ನಮ್ಮ ಓಣಿಯ ಆಶಾ ಅಕ್ಕ ವರ್ಷಕ್ಕೆ ಎಷ್ಟು ಅಜ್ಜಿಯರ ಕೈ ಹಿಡಿದು ನನ್ನ ಅಂಗಡಿಗೆ ಕರೆತಂದಿದ್ದಾರೋ ಲೆಕ್ಕವಿಲ್ಲ. ಅವರ ಸಂಬಳ ಮೂರು ತಿಂಗಳು ತಡವಾದಾಗ ಅವರು ರೇಷನ್ ಅಂಗಡಿಯವನ ಮುಂದೆ ಹೇಗೆ ನಿಲ್ಲುತ್ತಾರೆ ಅಂತ ನೋಡಿದ್ದೇನೆ.

ಬಸ್ಸು ನಿಂತರೆ ಕನ್ನಡಕದ ಅಂಗಡಿಗೆ ಏನು ತೊಂದರೆ ಅಂತ ಕೇಳಬಹುದು. ಸಣ್ಣ ನಂಬರಿನ ಗ್ಲಾಸು ನನ್ನ ಹತ್ತಿರ ಸ್ಟಾಕ್ ಇರುತ್ತದೆ. ದೊಡ್ಡ ನಂಬರು, ಅಡ್ಡ ನಂಬರು ಇದ್ದರೆ ಆರ್ಡರ್ ಕೊಟ್ಟು ಮಾಡಿಸಬೇಕು. ಅದು ಹುಬ್ಬಳ್ಳಿಯಿಂದ ಬಸ್ಸಿನ ಪಾರ್ಸೆಲ್‌ನಲ್ಲಿ ಬರುತ್ತದೆ. 2025ರ ಆಗಸ್ಟ್ 5, ಮಂಗಳವಾರ, 38 ತಿಂಗಳ ವೇತನ ಬಾಕಿಗಾಗಿ ಸಾರಿಗೆ ನೌಕರರು ಮುಷ್ಕರ ಹೂಡಿದರು. ಕೋರ್ಟ್ ಹೇಳಿದ ಮೇಲೆ ಅವತ್ತೇ ನಿಲ್ಲಿಸಿದರು ಅನ್ನಿ. ಆದರೆ ಆ ಬೆಳಿಗ್ಗೆ ರೋಣದ ಕಡೆಯಿಂದ ಬರಬೇಕಿದ್ದ ಒಬ್ಬ ಅಜ್ಜಿ ಬರಲಿಲ್ಲ. ಮರುದಿನ ಬಂದು, "ನಿನ್ನೆ ಹೊತ್ತು ಮುಳುಗೂ ತನಕ ಬಸ್ ಸ್ಟ್ಯಾಂಡಿನಾಗ ಕುಂತಿದ್ನಿ ಯವ್ವಾ" ಅಂದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಇಂಥ ಅಜ್ಜಿಯರು ಮಗನನ್ನು ಕಾಯದೆ ತಾವೇ ಬರುತ್ತಾರೆ. ನನ್ನ ವೃತ್ತಿಯಲ್ಲಿ ನಾನು ಕಂಡ ಅತಿ ದೊಡ್ಡ ಬದಲಾವಣೆ ಅದು. ಯಾವ ಮಿಷನ್ನೂ ಅಷ್ಟು ಜನರನ್ನು ಕರೆತಂದಿಲ್ಲ.

ಮುಷ್ಕರ ನಾಲ್ಕು ದಿನವೋ ನಾಲ್ಕು ವಾರವೋ, ಒಂದು ದಿನ ಮುಗಿಯುತ್ತದೆ. ಕಣ್ಣಿಗೆ ಕಾಣದೆ ನಿಲ್ಲುವುದು ಇನ್ನೊಂದು ಇದೆ. ಅದು ಹಣ.

ಕುರುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 1976ರಲ್ಲಿ ಶುರುವಾಯಿತು. ಆಗ ಪೂರ್ತಿ ಖರ್ಚು ಕೇಂದ್ರದ್ದು. ಈಗ ನಮ್ಮ ರಾಜ್ಯಕ್ಕೆ 60ಕ್ಕೆ 40. ನೂರು ರೂಪಾಯಿಯಲ್ಲಿ 60 ದೆಹಲಿಯಿಂದ, 40 ಬೆಂಗಳೂರಿನಿಂದ. ಕೇಳಲು ಸರಳ. ಆದರೆ ತಡವಾದಾಗ ಯಾರ ಪಾಲು ತಡವಾಯಿತು ಅಂತ ಕೆಳಗಿನವರಿಗೆ ಯಾರೂ ಹೇಳುವುದಿಲ್ಲ. 2024ರ ಫೆಬ್ರವರಿ 7ರಂದು ನಮ್ಮ ಸರ್ಕಾರವೇ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತಿದ್ದು ನೆನಪಿದೆಯಲ್ವಾ? ತೆರಿಗೆಯಲ್ಲಿ ಕರ್ನಾಟಕದ ಪಾಲು ಶೇ 4.713 ಇದ್ದದ್ದು 15ನೇ ಹಣಕಾಸು ಆಯೋಗದಲ್ಲಿ ಶೇ 3.647ಕ್ಕೆ ಇಳಿಯಿತು ಅನ್ನುವುದು ಆಗಿನ ಜಗಳ. ನ್ಯಾಯವಾದ ಜಗಳ ಅಂತಲೇ ನಾನು ಅಂದುಕೊಂಡಿದ್ದೇನೆ. ಅದೇ ತಿಂಗಳು ಪಕ್ಕದ ಹಾವೇರಿಯಲ್ಲಿ ಆಶಾಕಿರಣ ಯೋಜನೆಗೆ ಚಾಲನೆ ಸಿಕ್ಕಿತು. ಮನೆ ಮನೆಗೆ ಹೋಗಿ ಕಣ್ಣು ನೋಡುವುದು, ಬೇಕಾದವರಿಗೆ ಪುಕ್ಕಟೆ ಕನ್ನಡಕ ಕೊಡುವುದು. ಒಳ್ಳೆಯ ಯೋಜನೆ. ಇಂಥದ್ದು ಬೇಕು.

"ಸರ್ಕಾರ ಪುಕ್ಕಟೆ ಕೊಟ್ಟರೆ ನಿಮ್ಮ ವ್ಯಾಪಾರ ಏನಾಗಬೇಕು?" ಅಂತ ಕೇಳುವವರಿದ್ದಾರೆ. ಪುಕ್ಕಟೆ ಕನ್ನಡಕ ತಗೊಳ್ಳುವವರು ನನ್ನ ಗಿರಾಕಿಗಳಲ್ಲ. ಅವರು ಯಾರ ಗಿರಾಕಿಯೂ ಅಲ್ಲ. ಕೊಟ್ಟರೆ ಹಾಕಿಕೊಳ್ಳುತ್ತಾರೆ, ಕೊಡದಿದ್ದರೆ ಹಾಗೇ ಬದುಕುತ್ತಾರೆ. 2025ರ ಸೆಪ್ಟೆಂಬರ್‌ನಲ್ಲಿ ಕನ್ನಡಕದ ಮೇಲಿನ ಜಿಎಸ್‌ಟಿ 12ರಿಂದ 5ಕ್ಕೆ ಇಳಿಯಿತು, ಸಂತೋಷ. ಆದರೆ ದುಡ್ಡೇ ಇಲ್ಲದವರಿಗೆ ಅದು ಯಾವ ಲೆಕ್ಕ?

ಈಗ ಆ ಹುಡುಗಿಯ ಮಾತಿಗೆ ಬರುತ್ತೇನೆ.

ಹಿಂದೊಮ್ಮೆ ಒಂದು ಸಂಸ್ಥೆ ಶಾಲೆ ಮಕ್ಕಳಿಗೆ ಕನ್ನಡಕ ಪೂರೈಸುವ ಕೆಲಸ ಹಿಡಿದಿತ್ತು. ಎರಡು ತಾಲೂಕಿನ ಫಿಟ್ಟಿಂಗ್ ನನಗೆ ಕೊಟ್ಟರು. ಒಂದಕ್ಕೆ 210 ರೂಪಾಯಿ. ಲಾಭ ಇಲ್ಲ, ನಷ್ಟವೂ ಇಲ್ಲ, ಮಕ್ಕಳ ಕೆಲಸ ಅಂತ ಒಪ್ಪಿಕೊಂಡೆ. ಮೊದಲ ಕಂತು 340 ಕನ್ನಡಕ. ರಾತ್ರಿ ಹನ್ನೊಂದರವರೆಗೆ ನಾನು ಮತ್ತು ನಮ್ಮ ಫಿಟ್ಟಿಂಗ್ ಹುಡುಗ ಕೂತು ಮುಗಿಸಿದೆವು. ಬಿಲ್ ಕೊಟ್ಟೆ. ಒಂದು ತಿಂಗಳಾಯಿತು, ಮೂರು ತಿಂಗಳಾಯಿತು. ಫೋನ್ ಮಾಡಿದರೆ "ಮೇಲಿಂದ ಬಂದಿಲ್ರೀ ಮೇಡಂ" ಅನ್ನುತ್ತಿದ್ದರು. ಮೇಲೆ ಅಂದರೆ ಎಲ್ಲಿ? ಒಬ್ಬರು ಕೇಂದ್ರದ ಪಾಲು ಬಂದಿಲ್ಲ ಅಂದರು. ಇನ್ನೊಬ್ಬರು ಅದು ಬಂದಿದೆ, ರಾಜ್ಯದ್ದು ಬರಬೇಕು ಅಂದರು. ಮತ್ತೊಬ್ಬರು ಒಂದು ಸಹಿ ಇಲ್ಲ ಅಂತ ಫೈಲ್ ವಾಪಸ್ ಹೋಗಿದೆ ಅಂದರು. ಇತ್ತ ಗ್ಲಾಸು ಕೊಟ್ಟ ಹೋಲ್‌ಸೇಲ್‌ನವರು ನನ್ನ ಬಾಗಿಲಿಗೆ ಬಂದರು. ಕೈಯಲ್ಲಿದ್ದ ಎರಡು ಬಳೆ ಅಡವಿಟ್ಟು ಅವರ ಬಾಕಿ ತೀರಿಸಿದೆ.

ಆ ಹೊತ್ತಿಗೆ ಎರಡನೇ ಪಟ್ಟಿ ಬಂದಿತ್ತು. 63 ಮಕ್ಕಳು. ನಾನು ಹೇಳಿದೆ: ಹಳೇ ಬಿಲ್ ಬರಲಿ, ಆಮೇಲೆ ಹೊಸದು.

ವ್ಯಾಪಾರದಲ್ಲಿ ಇದು ಸರಿಯಾದ ಮಾತು. ಯಾರು ಬೇಕಾದರೂ ಇದನ್ನೇ ಹೇಳುತ್ತಿದ್ದರು. ಪಟ್ಟಿಯನ್ನು, ಮಕ್ಕಳ ನಂಬರಿನ ಚೀಟಿಗಳ ಸಮೇತ, ಒಂದು ಡಬ್ಬಿಯಲ್ಲಿ ಹಾಕಿ, ಕಪಾಟಿನ ಕೆಳಗಿನ ಖಾನೆಯಲ್ಲಿ ಇಟ್ಟೆ. ಹನ್ನೊಂದು ತಿಂಗಳು ಅದು ಅಲ್ಲೇ ಇತ್ತು.

ಬಿಲ್ ಬಂದ ದಿನ ಡಬ್ಬಿ ತೆಗೆದು ಒಂದೊಂದೇ ಚೀಟಿ ನೋಡುತ್ತಾ ಹೋದೆ. ಮೈನಸ್ ಒಂದು, ಮೈನಸ್ ಒಂದೂವರೆ, ಹೀಗೇ. ಅದರ ನಡುವೆ ಒಂದು ಚೀಟಿ. ಬಲಗಣ್ಣು ಪ್ಲಸ್ ಐದೂವರೆ, ಎಡಗಣ್ಣು ಪ್ಲಸ್ ಒಂದು. ವಯಸ್ಸು ಆರು. ಮೊನ್ನೆ ಬಂದಿದ್ದ ಹುಡುಗಿಯದೇ ಚೀಟಿ ಅದು. ನನ್ನ ಕೈ ತಣ್ಣಗಾಯಿತು.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎರಡು ಕಣ್ಣಿನ ನಂಬರು ಇಷ್ಟು ದೂರ ದೂರ ಇದ್ದರೆ ಮಗುವಿನ ಮಿದುಳು ಚೆನ್ನಾಗಿ ಕಾಣುವ ಕಣ್ಣನ್ನೇ ಬಳಸುತ್ತದೆ. ಮಂಜಾದ ಕಣ್ಣಿನಿಂದ ಬರುವ ಚಿತ್ರವನ್ನು ಬಿಟ್ಟುಬಿಡುತ್ತದೆ. ಮಗು ಆಡುತ್ತದೆ, ಓಡುತ್ತದೆ, ಬೋರ್ಡ್ ಓದುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆ ಕಣ್ಣು ಮಾತ್ರ ನೋಡುವುದನ್ನು ಕಲಿಯದೆ ಉಳಿಯುತ್ತದೆ. ಇದಕ್ಕೆ ಸೋಮಾರಿ ಕಣ್ಣು ಅಂತಾರೆ. ನನಗೆ ಆ ಹೆಸರು ಇಷ್ಟವಿಲ್ಲ, ಕಣ್ಣಿನ ತಪ್ಪೇನಿದೆ ಅದರಲ್ಲಿ? ಏಳೆಂಟು ವರ್ಷದೊಳಗೆ ಸರಿಯಾದ ಕನ್ನಡಕ ಹಾಕಿ, ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಕಟ್ಟಿ, ಈ ಕಣ್ಣಿಗೆ ಕೆಲಸ ಕೊಟ್ಟರೆ ಎಷ್ಟೋ ಸುಧಾರಿಸುತ್ತದೆ. ವಯಸ್ಸು ಮೀರಿದಷ್ಟೂ ಕಷ್ಟ. ಆಮೇಲೆ ಎಷ್ಟು ದುಬಾರಿ ಗ್ಲಾಸು ಹಾಕಿದರೂ ಪೂರ್ತಿ ಕಾಣುವುದಿಲ್ಲ. ಆರರಿಂದ ಏಳಕ್ಕೆ ಹೋಗುವ ಆ ಒಂದು ವರ್ಷವನ್ನು ನಾನು ಡಬ್ಬಿಯಲ್ಲಿ ಇಟ್ಟಿದ್ದೆ.

ದೆಹಲಿ ತಡೆಯಿತು, ಬೆಂಗಳೂರು ತಡೆಯಿತು, ಸಂಸ್ಥೆ ತಡೆಯಿತು ಅಂತ ಹೇಳಬಹುದು. ಎಲ್ಲ ನಿಜ. ಕೊನೆಗೆ ನಾನೂ ತಡೆದೆ. ಒಬ್ಬರು ಇನ್ನೊಬ್ಬರಿಗೆ "ಮೇಲಿಂದ ಬಂದಿಲ್ಲ" ಅಂತ ದಾಟಿಸುತ್ತಾ ಬಂದೆವು. ಹಾಗೆ ದಾಟಿಸಲು ಕೆಳಗೆ ಯಾರೂ ಇಲ್ಲದವಳು ಅವಳೊಬ್ಬಳೇ.

ಅದಕ್ಕೇ ನನ್ನ ಬೇಡಿಕೆ ಬಹಳ ಸಣ್ಣದು. ಹೊಸ ಯೋಜನೆ ಕೇಳುತ್ತಿಲ್ಲ. ಮಕ್ಕಳ ಕನ್ನಡಕದ ಹಣವನ್ನು ಉಳಿದ ಬಿಲ್ಲುಗಳ ಸಾಲಿನಲ್ಲಿ ನಿಲ್ಲಿಸಬೇಡಿ. ಜಿಲ್ಲೆಯಲ್ಲೇ ಸ್ವಲ್ಪ ದುಡ್ಡು ಬೇರೆ ಇಟ್ಟಿರಲಿ, ಕನ್ನಡಕ ಮಗುವಿನ ಮುಖದ ಮೇಲೆ ಕೂತ ತಿಂಗಳೊಳಗೆ ಮಾಡಿದವನಿಗೆ ಕೊಡಲಿ. 60 ಯಾರದು, 40 ಯಾರದು ಅನ್ನುವುದನ್ನು ಆಮೇಲೆ ಕೂತು ಬಗೆಹರಿಸಿಕೊಳ್ಳಲಿ. ಹತ್ತು ಸಾವಿರ ಕನ್ನಡಕ ಕೊಡುತ್ತೇವೆ ಅಂತ ಘೋಷಣೆ ಮಾಡುವ ಬದಲು ಮೂರು ಸಾವಿರವೇ ಕೊಡಿ, ದುಡ್ಡು ಕೈಯಲ್ಲಿಟ್ಟುಕೊಂಡು ಕೊಡಿ. ಚೀಟಿ ಬರೆಯುವ ನೇತ್ರಾಧಿಕಾರಿಗೆ ಒಂದು ಅಧಿಕಾರ ಇರಲಿ: ಇಂಥ ಮಗು ಕಂಡರೆ ಕೆಂಪು ಪೆನ್ನಿನಲ್ಲಿ ಗುರುತು ಹಾಕುವುದು, ಆ ಚೀಟಿ ಯಾವ ಕಾರಣಕ್ಕೂ ನಿಲ್ಲದಿರುವುದು. ಕೆಂಪು ಗುರುತು ಇದ್ದಿದ್ದರೆ ನಾನು ಆ ಡಬ್ಬಿ ಮುಚ್ಚುತ್ತಿರಲಿಲ್ಲ. ನೋಡದೇ ಮುಚ್ಚಿದ್ದು ನನ್ನ ತಪ್ಪು, ಅದನ್ನು ಯಾರ ಮೇಲೂ ಹಾಕುವುದಿಲ್ಲ.

ಬಾಗಲಕೋಟೆ ಕಡೆ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರು ತಿರುಗಿ ಪೊರೆಯ ಆಪರೇಷನ್ ಮಾಡಿದ ಕಥೆಯನ್ನು ನಮ್ಮಜ್ಜಿ ಹೇಳುತ್ತಿದ್ದಳು. ಇನ್ನೊಂದು ಕಡೆ, ನಮ್ಮದೇ ಊರಿನಲ್ಲಿ ವೀರೇಶ್ವರ ಪುಣ್ಯಾಶ್ರಮ ಇದೆ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು, ಇಬ್ಬರಿಗೂ ಕಣ್ಣಿರಲಿಲ್ಲ. ಕಣ್ಣಿಲ್ಲದ ಎಷ್ಟು ಮಕ್ಕಳಿಗೆ ಅವರು ಅನ್ನ ಹಾಕಿ ಸಂಗೀತ ಕಲಿಸಿದರು! ಸಂಜೆ ಆ ದಾರಿಯಲ್ಲಿ ಹೋಗುವಾಗ ಹಾರ್ಮೋನಿಯಂ ಕೇಳಿದರೆ ನನಗೆ ಕೈ ಮುಗಿಯುವ ಹಾಗಾಗುತ್ತದೆ. ಕಾಣದ ಕಣ್ಣಿನ ಮಕ್ಕಳನ್ನು ಇಷ್ಟು ಪ್ರೀತಿಯಿಂದ ಸಾಕಿದ ಊರು ನಮ್ಮದು. ಉಳಿಸಬಹುದಾದ ಕಣ್ಣು ಇದೇ ಊರಿನಲ್ಲಿ ಒಂದು ಬಿಲ್ಲಿಗಾಗಿ ಹೋಗಬಾರದು.

ಮನೆಯಲ್ಲಿ ಸಣ್ಣ ಮಕ್ಕಳಿದ್ದವರು ದಯವಿಟ್ಟು ಇವತ್ತೇ ಒಂದು ಕೆಲಸ ಮಾಡಿ. ಅಂಗೈಯಿಂದ ಮಗುವಿನ ಒಂದು ಕಣ್ಣು ಮುಚ್ಚಿ, ಗೋಡೆಯ ಕ್ಯಾಲೆಂಡರ್ ತೋರಿಸಿ. ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ತೋರಿಸಿ. ಒಂದು ಕಣ್ಣು ಮುಚ್ಚಿದಾಗ ಸುಮ್ನಿದ್ದು, ಇನ್ನೊಂದು ಮುಚ್ಚಿದಾಗ ಮಗು ಕೈ ತಳ್ಳಿದರೆ ಹಟ ಮಾಡುತ್ತಿದೆ ಅಂತ ಬೈಯಬೇಡಿ. ಕರೆದುಕೊಂಡು ಬನ್ನಿ. ನನ್ನ ಹತ್ತಿರವೇ ಅಂತಲ್ಲ, ಎಲ್ಲಿಗಾದರೂ ಸರಿ.

ಆ 63 ಕನ್ನಡಕಗಳನ್ನು ಹತ್ತು ದಿನದಲ್ಲಿ ಮುಗಿಸಿ, ಸ್ಕೂಟಿಯಲ್ಲಿ ನಾನೇ ಶಾಲೆ ಶಾಲೆಗೆ ಹೋಗಿ ಕೊಟ್ಟೆ. ಹನ್ನೊಂದು ತಿಂಗಳ ಹಿಂದಿನ ನಂಬರಿನ ಮೇಲೆ ನಂಬಿಕೆ ಇರಲಿಲ್ಲ, ಸಿಕ್ಕ ಮಕ್ಕಳನ್ನೆಲ್ಲ ಇನ್ನೊಮ್ಮೆ ನೋಡಿದೆ. ಹೆಚ್ಚು ಕಡಿಮೆ ಆದವರಿಗೆ ಗ್ಲಾಸು ಬದಲಿಸಿದೆ. ಐದು ಮಕ್ಕಳು ಸಿಗಲಿಲ್ಲ. ಅಪ್ಪ ಅಮ್ಮನ ಜೊತೆ ಗೋವಾ ಕಡೆ ಗುಳೆ ಹೋಗಿದ್ದಾರೆ ಅಂದರು ಮಾಸ್ತರು. ಅವರ ಐದು ಕನ್ನಡಕ ಹೆಸರಿನ ಚೀಟಿ ಸಮೇತ ನನ್ನ ಡ್ರಾಯರ್‌ನಲ್ಲಿ ಇವೆ. ಅದರಲ್ಲಿ ಇಬ್ಬರು ಈ ಸಲದ ಯುಗಾದಿಗೆ ಊರಿಗೆ ಬರುತ್ತಾರಂತೆ. ಅಷ್ಟರಲ್ಲಿ ನಂಬರ್ ಬದಲಾಗಿರುತ್ತದೆ, ನಂಬರ್ ನೋಡುವ ಗ್ಲಾಸುಗಳ ಟ್ರಯಲ್ ಬಾಕ್ಸ್ ತಗೊಂಡೇ ಹೋಗಬೇಕು.