ವಿಲೀನವಾದರೆ ನೋಟಿಸ್ ಕೊಡುವವರು ಯಾರು?

ಕೇರಳದಲ್ಲಿ ಮಾಲಿನ್ಯ ನಿಯಂತ್ರಣ, ಅರಣ್ಯ, ಅಂತರ್ಜಲ ಇಲಾಖೆಗಳೆಲ್ಲ ವಿಲೀನವಾಗಿ ಒಂದೇ ಸಂಸ್ಥೆಯ ಅಡಿಗೆ ಬಂದರೆ ಜನರ ಅಲೆದಾಟ ತಪ್ಪುತ್ತದೆ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಅಲೆದಾಟದ ಮಾತು ಒಪ್ಪುತ್ತೇನೆ. ಆದರೆ ಬ್ರಿಟನ್ನಿನ ವೇಲ್ಸ್‌ನಲ್ಲಿ 2013ರ ಏಪ್ರಿಲ್‌ನಲ್ಲಿ ಇಂಥ ಮೂರು ಸಂಸ್ಥೆಗಳನ್ನು ಒಟ್ಟುಗೂಡಿಸಿದಾಗ ಮರ ಮಾರುವವರೂ ಪರವಾನಗಿ ಕೊಡುವವರೂ ಒಂದೇ ಸೂರಿನಡಿ ಬಂದರು. ಮುಂದೆ ಮರ ಮಾರಾಟದ ಒಪ್ಪಂದಗಳಿಗೆ ಸರಕಾರಿ ಲೆಕ್ಕಪರಿಶೋಧಕರೇ ಆಕ್ಷೇಪ ಎತ್ತಬೇಕಾಯಿತು.

ಕಾಸರಗೋಡಿನವರಿಗೆ ಇದು ಹೊಸ ಕಥೆಯಲ್ಲ. ಇಲ್ಲಿನ ಗೇರುತೋಟಗಳಿಗೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷಕಾರಿ ಕೀಟನಾಶಕ ಸುರಿಸಿದ್ದು ಸರಕಾರದ್ದೇ ನಿಗಮ. ತಡೆಯಬೇಕಾಗಿದ್ದ ಇಲಾಖೆಗಳೂ ಸರಕಾರದವೇ. ಬೇರೆ ಬೇರೆ ಇದ್ದಾಗಲೇ ಹೀಗಾದರೆ, ಒಬ್ಬನೇ ಮೇಲಧಿಕಾರಿಯ ಕೈಕೆಳಗೆ ಯಾರು ಯಾರಿಗೆ ನೋಟಿಸ್ ಕೊಟ್ಟಾರು?

ಅಂದ ಹಾಗೆ, ಕೇಂದ್ರ ಕಚೇರಿ ತಿರುವನಂತಪುರದಲ್ಲಾದರೆ ಮಂಜೇಶ್ವರ, ಎಣ್ಮಕಜೆಯ ಕನ್ನಡ ಅರ್ಜಿಗಳನ್ನು ಓದಬಲ್ಲವರನ್ನೂ ನೇಮಿಸಿಕೊಳ್ಳಲಿ.