ಹುಲ್ಲಿನ ಪೊಟ್ಯಾಷ್ ಎಲ್ಲಿರುತ್ತದೆ? ಒಂದು ಸ್ಪಷ್ಟನೆ

"ಭತ್ತದ ಹುಲ್ಲು ಪೂರ್ತಿ ಕೊಳೆಯುವ ತನಕ ಪೊಟ್ಯಾಷ್ ಮಣ್ಣಿಗೆ ಸಿಗಲ್ಲ, ಸುಟ್ಟುಬಿಡಿ" ಎಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು, ದಯವಿಟ್ಟು ನಂಬಬೇಡಿ.

ಕಾಂಡದಲ್ಲಿ ಎಲ್ಲ ಧಾತುಗಳೂ ಒಂದೇ ಕಡೆ ಇರುವುದಿಲ್ಲ. ಸಿಲಿಕಾನ್ ಜಾಸ್ತಿ ಸೇರುವುದು ಹೊರಪದರದ ಕೋಶಗಳಲ್ಲಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಡಂಬೆಲ್ ಆಕಾರದ ಪುಟ್ಟ ಗಾಜಿನ ಹರಳುಗಳಂತೆ ಸಾಲಾಗಿ ಕಾಣುತ್ತವೆ. ಭತ್ತದ ಗರಿ ಬೆರಳಿಗೆ ತರಚುತ್ತದಲ್ವಾ, ಅದಕ್ಕೂ ಸಿಲಿಕಾನೇ ಕಾರಣ. ಕ್ಯಾಲ್ಸಿಯಂ ಹೆಚ್ಚಾಗಿ ಕೋಶದ ಗೋಡೆಗೆ ಅಂಟಿರುತ್ತದೆ.

ಪೊಟ್ಯಾಷ್‌ನಲ್ಲಿರುವ ಧಾತು ಪೊಟ್ಯಾಷಿಯಂ ಹಾಗಲ್ಲ. ಅದು ಕೋಶದೊಳಗಿನ ರಸದಲ್ಲಿ ಕರಗಿರುತ್ತದೆ. ಹುಲ್ಲು ಒಣಗಿ ಕೋಶದ ಪೊರೆ ಹರಿದ ಮೇಲೆ ಮಳೆನೀರಿಗೇ ಬಹುಪಾಲು ಇಳಿದುಹೋಗುತ್ತದೆ. ಕೊಳೆಯುವ ತನಕ ಕಾಯಬೇಕಾದದ್ದು ಸಾರಜನಕಕ್ಕೆ. ಸುಟ್ಟರೆ ಅದೇ ಹೊಗೆಯಾಗಿ ಹೋಗುತ್ತದೆ.